ಫಿಜಿಯವರ ಆಟವನ್ನು ಅಹಮದಾಬಾದಿನ ಪಟ್ಟಿಯಿಂದ ಬಿಡಬೇಡಿ

ಇವರಿಗೆ,
ಅಧ್ಯಕ್ಷರು ಹಾಗೂ ಕಾರ್ಯಕಾರಿ ಸಮಿತಿಯ ಸದಸ್ಯರು,
ಭಾರತೀಯ ಒಲಿಂಪಿಕ್ ಸಂಸ್ಥೆ, ನವದೆಹಲಿ.

ವಿಷಯ: 2030ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ರಗ್ಬಿ ಸೆವೆನ್ಸ್ ಉಳಿಸಿಕೊಳ್ಳುವ ಬಗ್ಗೆ

ಮಾನ್ಯರೇ,

2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಸೇರಿದ್ದ, ಕೂಟದ ಆಡಳಿತ ನೋಡುವ ಕಾಮನ್‌ವೆಲ್ತ್ ಸ್ಪೋರ್ಟ್ ಸಂಸ್ಥೆಯ ಮಹಾಸಭೆ 2030ರ ಕ್ರೀಡಾಕೂಟವನ್ನು ಅಹಮದಾಬಾದಿಗೆ ಕೊಟ್ಟಿತು. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶುರುವಾದ ಕೂಟದ ನೂರನೇ ವರ್ಷ ಅದು. ದೆಹಲಿಯ ನಂತರ ಇಪ್ಪತ್ತು ವರ್ಷಕ್ಕೆ ಕೂಟ ಮತ್ತೆ ಭಾರತಕ್ಕೆ ಬರುತ್ತಿದೆ ಎಂದು ಎಲ್ಲರಂತೆ ನಾನೂ ಸಂತೋಷಪಟ್ಟೆ. ಆದರೆ ಜೊತೆಗೆ ಬಂದ ಕ್ರೀಡೆಗಳ ಪಟ್ಟಿಯನ್ನು ಓದಿದಾಗಿನಿಂದ ಒಂದು ವಿಷಯ ಕೊರೆಯುತ್ತಿದೆ. ಅದಕ್ಕಾಗಿಯೇ ಈ ಪತ್ರ.

ಒಟ್ಟು 15ರಿಂದ 17 ಕ್ರೀಡೆಗಳು ಎಂದಿದ್ದೀರಿ. ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್, ಬೌಲ್ಸ್, ವೇಟ್‌ಲಿಫ್ಟಿಂಗ್, ಜಿಮ್ನಾಸ್ಟಿಕ್ಸ್, ನೆಟ್‌ಬಾಲ್, ಬಾಕ್ಸಿಂಗ್ ಇವಿಷ್ಟು ಖಚಿತ. ಉಳಿದವು ಪರಿಶೀಲನೆಯಲ್ಲಿವೆ. ಹಾಕಿ, ಕ್ರಿಕೆಟ್, ಬ್ಯಾಡ್ಮಿಂಟನ್, ಕುಸ್ತಿ, ಶೂಟಿಂಗ್, ಬಿಲ್ಲುಗಾರಿಕೆ, ಸ್ಕ್ವಾಷ್ ಹೀಗೆ ಉದ್ದಕ್ಕೆ ಹೋಗುವ ಆ ಸಾಲಿನಲ್ಲಿ ತಂಡಕ್ಕೆ ಏಳು ಜನರಂತೆ ಆಡುವ ರಗ್ಬಿ ಸೆವೆನ್ಸ್ ಕೂಡ ಇದೆ. ಸಾಲಿನಲ್ಲಿ ನಿಂತವರೆಲ್ಲರಿಗೂ ಒಳಗೆ ಜಾಗವಿಲ್ಲ ಎಂಬುದು ಸಣ್ಣ ಮಕ್ಕಳಿಗೂ ತಿಳಿಯುವ ಲೆಕ್ಕ. ಇದರ ಮೇಲೆ ಆತಿಥೇಯ ದೇಶ ತನ್ನದೇ ಎರಡು ಆಟಗಳನ್ನು ಸೂಚಿಸುವ ಅವಕಾಶವೂ ಇದೆ. ಕಬಡ್ಡಿ, ಖೋ ಖೋ ಎಂದು ಈಗಾಗಲೇ ಮಾತು ಕೇಳಿಬರುತ್ತಿದೆ. ಬರಲಿ. ನಾನು ಕಬಡ್ಡಿ ಕಲಿಸಿಯೇ ಅನ್ನ ತಿನ್ನುವವನು, ಅದಕ್ಕೆ ಅಡ್ಡ ಬರುವುದಿಲ್ಲ. ನನಗಿರುವ ಭಯ ಬೇರೆ. ‘ಇದರಲ್ಲಿ ನಮಗೆ ಪದಕ ಬರುತ್ತದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸಾಲನ್ನು ಸೋಸಿದರೆ ಮೊದಲು ಹೊರಗೆ ಬೀಳುವುದು ರಗ್ಬಿ. ಅದರಲ್ಲಿ ನಮಗೆ ಪದಕ ಬರುವುದಿಲ್ಲ. ಐದು ವರ್ಷದಲ್ಲೂ ಬರುವುದು ಕಷ್ಟ. ಅದನ್ನು ಒಪ್ಪಿಕೊಂಡೇ ನಿಮ್ಮ ಮುಂದೆ ವಾದ ಮಾಡಲು ಬಂದಿದ್ದೇನೆ.

ನನ್ನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಕಬಡ್ಡಿ, ಖೋ ಖೋ, ಥ್ರೋಬಾಲ್ ನಮ್ಮಲ್ಲಿ ಮಾಮೂಲು. ಶಾಲೆ ಬಿಟ್ಟ ಮೇಲೆ ಆಸಕ್ತಿಯಿರುವ ಹೆಣ್ಣುಮಕ್ಕಳಿಗೆ ಸೆವೆನ್ಸ್ ಹೇಳಿಕೊಡುತ್ತೇನೆ. ಆಟಗಾರನಾಗಿ ನಾನು ಎಲ್ಲಿಯೂ ಹೆಸರು ಮಾಡಿದವನಲ್ಲ. ಪ್ರೇಕ್ಷಕನಾಗಿ ಮಾತ್ರ 2010ರ ಅಕ್ಟೋಬರ್ 11 ಮತ್ತು 12ರಂದು ದೆಹಲಿ ವಿಶ್ವವಿದ್ಯಾಲಯದ ಮೈದಾನದಲ್ಲಿದ್ದೆ. ನಾನು ಕಂಡದ್ದನ್ನು ಹೇಳುತ್ತೇನೆ.

ಮೊದಲ ದಿನ ಬೆಳಿಗ್ಗೆ ಗ್ಯಾಲರಿಯಲ್ಲಿ ನನ್ನ ಅಕ್ಕಪಕ್ಕ ಇದ್ದವರಲ್ಲಿ ಬಹಳ ಜನಕ್ಕೆ ಆಟದ ಗಂಧಗಾಳಿ ಇರಲಿಲ್ಲ. ಹಾಕಿ ಟಿಕೆಟ್ ಸಿಗದೆ ಬಂದವರು, ಕಾಲೇಜಿನ ಹುಡುಗರು, ಮಕ್ಕಳನ್ನು ಕರೆದುಕೊಂಡು ಬಂದ ಸರ್ಕಾರಿ ನೌಕರರು. ‘ಮುಂದಕ್ಕೆ ಓಡುತ್ತಾನೆ, ಹಿಂದಕ್ಕೆ ಯಾಕೆ ಎಸೆಯುತ್ತಾನೆ?’ ಎಂದು ಒಬ್ಬರು ಕೇಳಿದರು. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಓಡಬಹುದು ಅಥವಾ ಒದೆಯಬಹುದು, ಗೆರೆಯಾಚೆ ನೆಲಕ್ಕೆ ಒತ್ತಿದರೆ ಟ್ರೈ, ಐದು ಅಂಕ, ಆಮೇಲಿನ ಒದೆತ ಕಂಬಗಳ ನಡುವೆ ಹೋದರೆ ಇನ್ನೆರಡು ಎಂದೆ. ಅಷ್ಟೇ ಸಾಕಾಯಿತು. ಏಳು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷ ಬಿಡುವು. ಮೂರನೇ ಪಂದ್ಯದ ಹೊತ್ತಿಗೆ ಅದೇ ಮನುಷ್ಯ ತನ್ನ ಹಿಂದಿನ ಸಾಲಿನವರಿಗೆ ನಿಯಮ ವಿವರಿಸುತ್ತಿದ್ದರು. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ಅರ್ಥ ಮಾಡಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಹದಿನಾರು ತಂಡಗಳು. ಆತಿಥೇಯರೆಂಬ ಕಾರಣಕ್ಕೆ ಭಾರತಕ್ಕೂ ಜಾಗ. ನಮ್ಮ ಹುಡುಗರು ದೊಡ್ಡ ಅಂತರದಲ್ಲಿ ಸೋತರು. ಆದರೂ ಜನ ಎದ್ದುಹೋಗಲಿಲ್ಲ. ಎದುರಾಳಿ ಟ್ರೈ ಬಾರಿಸಿದಾಗಲೂ ಚಪ್ಪಾಳೆ ತಟ್ಟಿದರು. ನಮ್ಮವನೊಬ್ಬ ತನಗಿಂತ ದುಪ್ಪಟ್ಟು ಗಾತ್ರದ ಆಟಗಾರನನ್ನು ಕಾಲು ಹಿಡಿದು ಉರುಳಿಸಿದಾಗ ಕಬಡ್ಡಿ ಪಂದ್ಯದಲ್ಲಿ ಏಳುವಂಥ ಕೂಗು ಎದ್ದಿತು. ಎರಡನೇ ದಿನ ಫೈನಲ್‌ನಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು 24–17ರಿಂದ ಸೋಲಿಸಿ ಸತತ ನಾಲ್ಕನೇ ಚಿನ್ನ ಗೆದ್ದಿತು. ಆ ಕೂಟವೆಂದರೆ ನಮ್ಮ ಕನ್ನಡಿಗರಿಗೆ ಇವತ್ತಿಗೂ ನೆನಪಿರುವುದು ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಅಶ್ವಿನಿ ಪೊನ್ನಪ್ಪ, ರಿಲೇಯಲ್ಲಿ ಅಶ್ವಿನಿ ಅಕ್ಕುಂಜಿ ತಂದ ಚಿನ್ನ. ನೆನಪಿರಬೇಕಾದದ್ದೇ. ಆದರೆ ಆ ಎರಡು ದಿನ ಪದಕದ ಹಂಗಿಲ್ಲದೆ ಆಟ ನೋಡಿದ ಜನರೂ ಇದ್ದರು ಎಂಬುದಕ್ಕೆ ನಾನೊಬ್ಬ ಸಾಕ್ಷಿ.

ಆ ಹದಿನಾರರಲ್ಲಿ ಒಂದು ಹೆಸರು ಇರಲಿಲ್ಲ: ಶಾಂತ ಸಾಗರದ ದ್ವೀಪದೇಶ ಫಿಜಿ. ಸೈನಿಕ ಆಡಳಿತ ಚುನಾವಣೆ ನಡೆಸಲು ಒಪ್ಪದ ಕಾರಣ 2009ರಲ್ಲಿ ಆ ದೇಶವನ್ನು ಕಾಮನ್‌ವೆಲ್ತ್‌ನಿಂದ ಅಮಾನತು ಮಾಡಲಾಗಿತ್ತು. ತಪ್ಪು ಸರ್ಕಾರದ್ದು, ಮನೆಯಲ್ಲಿ ಕೂತದ್ದು ಆಟಗಾರರು. 2014ರಲ್ಲೂ ಅವರ ಸೆವೆನ್ಸ್ ತಂಡ ಬರಲಾಗಲಿಲ್ಲ. ಅಂದರೆ ಭಾರತದ ನೆಲದಲ್ಲಿ ನಡೆದ ಏಕೈಕ ಕಾಮನ್‌ವೆಲ್ತ್ ಕೂಟದಲ್ಲಿ ಈ ಆಟವನ್ನು ಉಸಿರಿನಂತೆ ಆಡುವ ದೇಶವನ್ನು ನಾವು ನೋಡಲೇ ಇಲ್ಲ.

ಫಿಜಿಯ ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ. ಬೆಂಗಳೂರಿನ ಒಂದು ಮೂಲೆಯಲ್ಲಿ ಹಿಡಿಸುವಷ್ಟು ಜನ. 2016ರಲ್ಲಿ ರಿಯೊದಲ್ಲಿ ಸೆವೆನ್ಸ್ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂದಾಗ ಅವರು ಫೈನಲ್‌ನಲ್ಲಿ ಬ್ರಿಟನ್ನನ್ನು 43–7ರಿಂದ ಮಣಿಸಿದರು. ಅದು ಯಾವುದೇ ಕ್ರೀಡೆಯಲ್ಲಿ ಆ ದೇಶಕ್ಕೆ ಬಂದ ಮೊಟ್ಟಮೊದಲ ಒಲಿಂಪಿಕ್ ಪದಕ. ಅದರ ನೆನಪಿಗೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿದರು! ಟೋಕಿಯೊದಲ್ಲಿ ಮತ್ತೆ ಚಿನ್ನ. ಪ್ಯಾರಿಸ್‌ನಲ್ಲಿ ಆಂಟ್ವಾನ್ ಡ್ಯುಪಾಂ ಇದ್ದ ಫ್ರಾನ್ಸ್ ಎದುರು ಸೋತು ಬೆಳ್ಳಿ. ಕಾಮನ್‌ವೆಲ್ತ್‌ನಲ್ಲಿ ಮಾತ್ರ ಚಿನ್ನ ಅವರ ಕೈಗೆ ಸಿಕ್ಕೇ ಇಲ್ಲ. 1998ರಲ್ಲಿ ಬೆಳ್ಳಿ, 2002ರಲ್ಲಿ ಬೆಳ್ಳಿ, 2006ರಲ್ಲಿ ಕಂಚು, 2018ರಲ್ಲಿ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಗಂಡಸರು ದಕ್ಷಿಣ ಆಫ್ರಿಕಾಕ್ಕೆ, ಹೆಂಗಸರು ಆಸ್ಟ್ರೇಲಿಯಾಕ್ಕೆ ಫೈನಲ್‌ನಲ್ಲಿ ಸೋತು ಎರಡೂ ವಿಭಾಗದಲ್ಲಿ ಬೆಳ್ಳಿ. ಆ ಕಾಯುವಿಕೆ ಮುಗಿಯಬಹುದಾದ ಅಂಗಳ 2026ರಲ್ಲಿ ಮುಚ್ಚಿದೆ. 2030ರಲ್ಲೂ ಮುಚ್ಚಬೇಕೇ ಎಂಬುದು ಈಗ ನಿಮ್ಮ ಮಾತಿನ ಮೇಲೂ ನಿಂತಿದೆ.

2026ರ ಕಥೆ ನಿಮಗೆ ಗೊತ್ತೇ ಇದೆ. ವೆಚ್ಚ ಕೈಮೀರಿತು ಎಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2023ರ ಜುಲೈನಲ್ಲಿ ಕೈ ಎತ್ತಿತು. ಗ್ಲಾಸ್ಗೋ ಮುಂದೆ ಬಂದು ಹತ್ತೇ ಕ್ರೀಡೆಗಳ ಚಿಕ್ಕ ಕೂಟಕ್ಕೆ ಒಪ್ಪಿತು. ಹಾಕಿ ಹೋಯಿತು, ಬ್ಯಾಡ್ಮಿಂಟನ್ ಹೋಯಿತು, ಕುಸ್ತಿ, ಕ್ರಿಕೆಟ್, ಸ್ಕ್ವಾಷ್, ಟೇಬಲ್ ಟೆನಿಸ್ ಹೋದವು. ಶೂಟಿಂಗ್ ಬರ್ಮಿಂಗ್‌ಹ್ಯಾಮ್‌ನಲ್ಲೇ ಇರಲಿಲ್ಲ. ಅಂದು ನಮ್ಮ ದೇಶದಲ್ಲಿ ಎಷ್ಟು ಗಲಾಟೆಯಾಯಿತು! ಆಗಬೇಕಾದದ್ದೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಾವು ಗೆದ್ದ 61 ಪದಕಗಳಲ್ಲಿ 30 ಬಂದದ್ದು ಈ ಆರು ಆಟಗಳಿಂದ. ಕುಸ್ತಿಯೊಂದರಲ್ಲೇ 12. ನಮ್ಮ ಕುಂದಾಪುರದ ಗುರುರಾಜ ಪೂಜಾರಿ ಅವರ ವೇಟ್‌ಲಿಫ್ಟಿಂಗ್ ಹೇಗೋ ಉಳಿಯಿತು. ಉಳಿದವರ ಪಾಲಿಗೆ ನಾಲ್ಕು ವರ್ಷದ ತಯಾರಿ ನೀರಿನಲ್ಲಿ ಹೋಮ. ‘ಒಂದು ದೇಶದ ಪ್ರಮುಖ ಆಟಗಳನ್ನೇ ಕೈಬಿಟ್ಟು ಆ ದೇಶವನ್ನು ಕೂಟಕ್ಕೆ ಕರೆಯುವುದು ಯಾವ ನ್ಯಾಯ?’ ಎಂದು ಪತ್ರಿಕೆಗಳಲ್ಲಿ, ಟೀವಿಯಲ್ಲಿ, ಚಹಾದಂಗಡಿಯಲ್ಲಿ ಕೇಳಿದೆವು.

ಅದೇ ಪಟ್ಟಿಯಿಂದ ಅದೇ ದಿನ ರಗ್ಬಿ ಸೆವೆನ್ಸ್ ಕೂಡ ಹೋಯಿತು. ಅದರ ಬಗ್ಗೆ ನಮ್ಮಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಫಿಜಿ, ಸಮೋವಾ, ಕೀನ್ಯಾದವರಿಗೆ ಅದು ನಮಗೆ ಹಾಕಿ, ಕುಸ್ತಿ ಇದ್ದಂತೆ ಎಂದು ನಮಗೆ ಹೊಳೆಯಲಿಲ್ಲ. ಈಗ ಪಟ್ಟಿ ಬರೆಯುವವರ ಪಕ್ಕದಲ್ಲಿ ನಾವು ಕೂತಿದ್ದೇವೆ. ಸೊಸೆಗೊಂದು ಕಾಲ ಬಂದಿದೆ. ಗ್ಲಾಸ್ಗೋ ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡಿದರೆ, ಅಂದು ನ್ಯಾಯದ ಹೆಸರಿನಲ್ಲಿ ಆಡಿದ ಮಾತುಗಳೆಲ್ಲ ಬರೀ ಪದಕದ ಮಾತು ಎಂದಾಗುತ್ತದೆ. ಬೀಗರನ್ನು ಕರೆದು ಮನೆಯವರಿಗೆ ಇಷ್ಟವಾದದ್ದನ್ನಷ್ಟೇ ಎಲೆಗೆ ಹಾಕುವವರನ್ನು ನಮ್ಮ ಊರುಗಳಲ್ಲಿ ಏನೆನ್ನುತ್ತಾರೋ ನಿಮಗೂ ಗೊತ್ತು.

ಗ್ಲಾಸ್ಗೋದ ತೀರ್ಮಾನದಲ್ಲಿ ಇನ್ನೊಂದು ವಿಚಿತ್ರವಿದೆ. ಈ ಆಟ ಹುಟ್ಟಿದ್ದೇ ಸ್ಕಾಟ್ಲೆಂಡಿನಲ್ಲಿ. 1883ರಲ್ಲಿ ಮೆಲ್ರೋಸ್ ಎಂಬ ಪುಟ್ಟ ಊರಿನ ಕ್ಲಬ್ಬಿಗೆ ಹಣದ ಅಡಚಣೆ. ಟೂರ್ನಿ ನಡೆಸಿ ದುಡ್ಡು ಎತ್ತೋಣವೆಂದರೆ ಹದಿನೈದು ಜನರ ರಗ್ಬಿಯ ಅಷ್ಟೊಂದು ಪಂದ್ಯ ಒಂದು ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ. ಆ ಊರಿನ ಕಸಾಯಿ ಅಂಗಡಿಯ ನೆಡ್ ಹೇಗ್ ಎಂಬಾತ ತಂಡಕ್ಕೆ ಏಳೇ ಜನ ಇರಲಿ, ಆಟದ ಸಮಯವೂ ಇಳಿಯಲಿ ಎಂದ. ದುಡ್ಡಿಲ್ಲದವರು ದುಡ್ಡಿಗಾಗಿ ಕಂಡುಕೊಂಡ ಆಟವನ್ನು 143 ವರ್ಷಗಳ ಮೇಲೆ ದುಡ್ಡಿಲ್ಲವೆಂದು ಕೈಬಿಡಲಾಗಿದೆ. ಅದೂ ಮೆಲ್ರೋಸಿನಿಂದ ಕಾರಿನಲ್ಲಿ ಎರಡು ಗಂಟೆಯೊಳಗೆ ತಲುಪುವ ನಗರದಲ್ಲಿ. 2026ರ ಕೂಟದ ಅಥ್ಲೆಟಿಕ್ಸ್‌ಗೆ ಆರಿಸಿದ ಸ್ಕಾಟ್ಸ್‌ಟನ್ ಕ್ರೀಡಾಂಗಣ ಬೇರೆ ದಿನಗಳಲ್ಲಿ ಗ್ಲಾಸ್ಗೋ ವಾರಿಯರ್ಸ್ ಎಂಬ ರಗ್ಬಿ ಕ್ಲಬ್ಬಿನ ತವರು ಮೈದಾನ! 2014ರ ಕೂಟದಲ್ಲಿ ಅದೇ ಊರಿನ ಐಬ್ರಾಕ್ಸ್ ಕ್ರೀಡಾಂಗಣ ಎರಡು ದಿನ ತುಂಬಿ ತುಳುಕಿತ್ತು. ಅಲ್ಲಿಯವರೆಗೆ ಕಾಮನ್‌ವೆಲ್ತ್‌ನಲ್ಲಿ ಸೋಲೇ ಅರಿಯದ ನ್ಯೂಜಿಲೆಂಡನ್ನು ದಕ್ಷಿಣ ಆಫ್ರಿಕಾ 17–12ರಿಂದ ಕೆಡವಿದ್ದು ಅಲ್ಲೇ.

ರಗ್ಬಿಗೂ ನಮಗೂ ಸಂಬಂಧವೇ ಇಲ್ಲ ಎನ್ನುವವರಿಗೆ ಸಣ್ಣದೊಂದು ಕಥೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಒಂದು ಕಪ್ಪಿಗಾಗಿ ರಗ್ಬಿ ಆಡುತ್ತಿವೆ. ಅದರ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಪ್ ಅದು. ಹಿಡಿಕೆಗಳಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ಆಡಿದವರು ಬ್ರಿಟಿಷರೇ ಎನ್ನಿ, ಬೆಳ್ಳಿಯಂತೂ ನಮ್ಮ ಟಂಕಸಾಲೆಯದು.

ಇನ್ನು ನಿಮ್ಮ ಕಡೆಯಿಂದ ಬರಬಹುದಾದ ಆಕ್ಷೇಪಗಳು. ಇವುಗಳಲ್ಲಿ ಗಟ್ಟಿಯಾದದ್ದು ಆಟಗಾರರ ಸಂಖ್ಯೆಯದು. ತಂಡದ ಆಟವೆಂದರೆ ಕ್ರೀಡಾಗ್ರಾಮದಲ್ಲಿ ಹಾಸಿಗೆ, ವಿಮಾನ, ಊಟ ಎಲ್ಲ ಏರುತ್ತದೆ, ಕೊಡುವುದು ಎರಡೇ ಚಿನ್ನ. ಹಾಗಾಗಿ ಲೆಕ್ಕಪತ್ರ ನೋಡುವವರ ಕಣ್ಣು ಮೊದಲು ಬೀಳುವುದು ಇಂಥ ಆಟಗಳ ಮೇಲೆ. ಇದು ಸುಳ್ಳಲ್ಲ. 2018 ಮತ್ತು 2022ರಲ್ಲಿ ಗಂಡಸರ 16, ಹೆಂಗಸರ 8 ತಂಡಗಳಿದ್ದವು. ತಂಡಕ್ಕೆ 13 ಜನರಂತೆ 312 ಆಟಗಾರರು. ಇದೇ ಸಂಖ್ಯೆಯೊಳಗೆ 12 ಮತ್ತು 12 ಮಾಡಿ ಎಂಬುದು ನನ್ನ ಸಲಹೆ. ಒಬ್ಬ ಆಟಗಾರನೂ ಹೆಚ್ಚಾಗುವುದಿಲ್ಲ, ಹೆಣ್ಣುಮಕ್ಕಳಿಗೆ ನಾಲ್ಕು ತಂಡಗಳ ಜಾಗ ಹೊಸದಾಗಿ ಸಿಗುತ್ತದೆ. ಒಲಿಂಪಿಕ್ಸ್‌ನಲ್ಲಿ ಇರುವುದೂ ಇದೇ 12–12. ಅಷ್ಟೂ ಆಗದು ಎಂದರೆ ಎಂಟೆಂಟು ತಂಡ ಮಾಡಿ, 208ಕ್ಕೆ ಇಳಿಯುತ್ತದೆ. ಆದರೆ ಎಂಟಕ್ಕೆ ಇಳಿಸಿದರೆ ಉಗಾಂಡಾ, ಶ್ರೀಲಂಕಾದಂಥ ತಂಡಗಳಿಗೆ ಬಾಗಿಲು ಮುಚ್ಚುವ ಅಪಾಯವಿದೆ. ನನ್ನ ಮನಸ್ಸಿರುವುದು ಹನ್ನೆರಡರ ಕಡೆಗೇ.

ಹೆಂಗಸರ ತಂಡಗಳ ವಿಷಯದಲ್ಲಿ ಸ್ವಲ್ಪ ನಿಂತು ಮಾತಾಡಬೇಕು. 1998ರಲ್ಲಿ ಕೌಲಾಲಂಪುರದಲ್ಲಿ ತಂಡದ ಆಟಗಳು ಮೊದಲ ಬಾರಿಗೆ ಕೂಟದೊಳಗೆ ಬಂದಾಗ ಸೆವೆನ್ಸ್ ಗಂಡಸರಿಗಷ್ಟೇ ಇತ್ತು. ಜೋನಾ ಲೋಮು ಇದ್ದ ನ್ಯೂಜಿಲೆಂಡ್ ಮೊದಲ ಚಿನ್ನ ಗೆದ್ದಿತು. (ಅದೇ ಕೂಟದಲ್ಲಿ ಕ್ರಿಕೆಟ್ ಕೂಡ ಇತ್ತು. ತೆಂಡೂಲ್ಕರ್, ನಮ್ಮ ಅನಿಲ್ ಕುಂಬ್ಳೆ ಇದ್ದ ಭಾರತ ತಂಡ ಪದಕವಿಲ್ಲದೆ ಮರಳಿತು ಎಂಬುದನ್ನು ಪದಕದ ಖಾತರಿ ಕೇಳುವವರು ನೆನಪಿಟ್ಟುಕೊಳ್ಳಲಿ.) ದೆಹಲಿಯಲ್ಲೂ ಹೆಂಗಸರ ಸೆವೆನ್ಸ್ ಇರಲಿಲ್ಲ. ಅದು ಬಂದದ್ದು 2018ರಲ್ಲಿ, ಗೋಲ್ಡ್ ಕೋಸ್ಟ್‌ನಲ್ಲಿ. ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ, ಕೆಲ್ಲಿ ಬ್ರೇಜಿಯರ್ ಮೈದಾನದುದ್ದಕ್ಕೂ ಓಡಿ ಇಟ್ಟ ಟ್ರೈನಿಂದ ನ್ಯೂಜಿಲೆಂಡ್ 17–12ರಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿತು. ಆ ಓಟದ ವಿಡಿಯೊವನ್ನು ನಾನು ಹೊಸದಾಗಿ ಬರುವ ಪ್ರತಿ ಹುಡುಗಿಗೂ ತೋರಿಸುತ್ತೇನೆ. ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಅದನ್ನು ನೋಡಿದರೆ ಹೋಗುತ್ತದೆ: ಉಸಿರು ಮುಗಿದ ಮೇಲೂ ಮೈದಾನ ಮುಗಿದಿರುವುದಿಲ್ಲ. ಏಳು ಜನ ಆಡುವುದು ಹದಿನೈದು ಜನರ ಮೈದಾನದಲ್ಲೇ, ನೂರು ಮೀಟರ್ ಉದ್ದ, ಎಪ್ಪತ್ತು ಮೀಟರ್ ಅಗಲ.

ಭಾರತದಲ್ಲಿ ಈ ಆಟವನ್ನು ಮೇಲೆತ್ತಿದವರು ಮುಖ್ಯವಾಗಿ ಹೆಣ್ಣುಮಕ್ಕಳು, ಅದರಲ್ಲೂ ಒಡಿಶಾದ ಬುಡಕಟ್ಟು ಊರುಗಳಿಂದ ಬಂದವರು, ಬಿಹಾರದವರು. 2019ರಲ್ಲಿ ಮನಿಲಾದಲ್ಲಿ ನಮ್ಮ ಮಹಿಳಾ ತಂಡ ಸಿಂಗಪುರವನ್ನು 21–19ರಿಂದ ಸೋಲಿಸಿ ಹದಿನೈದು ಜನರ ರಗ್ಬಿಯಲ್ಲಿ ತನ್ನ ಮೊದಲ ಅಂತರರಾಷ್ಟ್ರೀಯ ಗೆಲುವು ಪಡೆಯಿತು. 2025ರ ಆಗಸ್ಟಿನಲ್ಲಿ ಬಿಹಾರದ ರಾಜ್‌ಗಿರ್‌ನಲ್ಲಿ ನಡೆದ ಏಷ್ಯಾ 20 ವರ್ಷದೊಳಗಿನವರ ಸೆವೆನ್ಸ್‌ನಲ್ಲಿ ನಮ್ಮ ಹುಡುಗಿಯರು ಕಂಚು ತಂದರು. ಆ ವಯಸ್ಸಿನವರು 2030ಕ್ಕೆ ಇಪ್ಪತ್ತನಾಲ್ಕು ಇಪ್ಪತ್ತೈದರ ಹದಕ್ಕೆ ಬರುತ್ತಾರೆ. ಪದಕ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ತವರಿನ ಜನರೆದುರು ಆಡಲು ಕಾಯುತ್ತಿರುವ ಒಂದು ತಂಡ ಈಗಲೇ ಇದೆ ಎನ್ನುತ್ತಿದ್ದೇನೆ, ಅಷ್ಟೇ.

ನಾನು ಕಲಿಸುವ ಹುಡುಗಿಯರ ಪಾಡನ್ನೂ ನಿಮ್ಮ ಗಮನಕ್ಕೆ ತರಬೇಕು. ಮೊದಲು ನಾವು ಅಭ್ಯಾಸ ಮಾಡುತ್ತಿದ್ದುದು ಒಂದು ಸಾರ್ವಜನಿಕ ಮೈದಾನದ ಅಂಚಿನಲ್ಲಿ. ಮಧ್ಯದ ಹುಲ್ಲು ಕ್ರಿಕೆಟ್ ಅಕಾಡೆಮಿಗೆ. ಒಂದು ದಿನ ಆ ಅಂಚಿಗೂ ಬಲೆ ಕಟ್ಟಿದರು. ಕೇಳಿದರೆ, ‘ನಿಮ್ಮ ಆಟ ಯಾವ ಪಟ್ಟಿಯಲ್ಲಿದೆ ಸಾರ್? ಸರ್ಟಿಫಿಕೇಟ್‌ಗೆ ಬರುತ್ತಾ?’ ಎಂದರು. ಕೇಳಿದವರು ಕೆಟ್ಟವರಲ್ಲ. ಅವರ ಮೇಜಿನ ಮೇಲೆ ನಿಜಕ್ಕೂ ಒಂದು ಪಟ್ಟಿ ಇತ್ತು. ಈಗ ಗಟ್ಟಿ ಮಣ್ಣಿನ ನೆಲದಲ್ಲಿ ಆಡಿಸುತ್ತೇವೆ, ಆದ್ದರಿಂದ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಉರುಳಿಸುವ ಅಭ್ಯಾಸ ಮಳೆಗಾಲದಲ್ಲಿ ಮಾತ್ರ. ಉಳಿದ ತಿಂಗಳು ಬೀಳಿಸದೆ ಮುಟ್ಟಿದರೆ ಸಾಕಾಗುವ ಟಚ್ ರಗ್ಬಿ, ಪಾಸ್, ಓಟ. ಒಬ್ಬ ಹುಡುಗಿಯ ತಂದೆ ಆಟೊ ಓಡಿಸುತ್ತಾರೆ. ‘ಮೇಷ್ಟ್ರೇ, ಇದರಿಂದ ಇವಳಿಗೆ ಮುಂದೆ ಏನಾದ್ರೂ ಆಗತ್ತಾ? ಇಲ್ಲಾಂದ್ರೆ ಖೋ ಖೋಗೇ ಹಾಕ್ಬಿಡಿ’ ಎಂದು ನೇರವಾಗಿ ಕೇಳಿದರು. ನಾನು ಏನು ಹೇಳಲಿ? ದೆಹಲಿಯಲ್ಲಿ ನೀವು ಬರೆಯುವ ಪಟ್ಟಿ ಇಳಿಯುತ್ತಾ ಇಳಿಯುತ್ತಾ ರಾಜ್ಯದ ಕಚೇರಿಗೆ, ಜಿಲ್ಲೆಗೆ, ಮೈದಾನದ ಬೀಗದ ಕೈ ಇಟ್ಟುಕೊಂಡವನ ಮೇಜಿಗೆ, ಕೊನೆಗೆ ಆಟೊ ಓಡಿಸುವ ತಂದೆಯ ಲೆಕ್ಕಾಚಾರಕ್ಕೆ ಬರುತ್ತದೆ. ಕಾಮನ್‌ವೆಲ್ತ್ ಪಟ್ಟಿಯಲ್ಲಿ ಹೆಸರಿದ್ದರೆ ಅಂಚಿನ ಬಲೆ ಬಿಚ್ಚಿಸುವುದು ಸುಲಭ.

ಜನ ನೋಡುವುದಿಲ್ಲ ಎಂಬ ಆಕ್ಷೇಪಕ್ಕೆ ದೆಹಲಿಯ ಉತ್ತರ ಕೊಟ್ಟಾಗಿದೆ. ಈಚಿನದು ಬೇಕಿದ್ದರೆ 2025ರ ಜೂನ್ ನೋಡಿ. ಮುಂಬೈನ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬ ಸೆವೆನ್ಸ್ ಲೀಗ್ ಆರು ತಂಡಗಳೊಂದಿಗೆ ಶುರುವಾಯಿತು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮೂರ ಹೆಸರಿನ ತಂಡವೂ ಒಂದು. ಗೆದ್ದದ್ದು ಚೆನ್ನೈ ಬುಲ್ಸ್. ಹೊರದೇಶದ ದೊಡ್ಡ ಆಟಗಾರರ ಪಕ್ಕದಲ್ಲಿ ನಮ್ಮ ಹುಡುಗರು ಆಡಿದರು. ಹಣ ಹೂಡುವವರಿಗೇ ಈ ಆಟದ ಮೇಲೆ ಇಷ್ಟು ನಂಬಿಕೆ ಬಂದಿರುವಾಗ ಕ್ರೀಡೆಯನ್ನು ಬೆಳೆಸುವುದೇ ಉದ್ದೇಶವಾಗಿರುವ ಸಂಸ್ಥೆಗೆ ಬರದಿದ್ದರೆ ಹೇಗೆ?

ಮೈದಾನ ಕಟ್ಟಬೇಕು ಎನ್ನುತ್ತೀರಾದರೆ, ಬೇಡ. ಅಹಮದಾಬಾದಿನ ಕಾಂಕರಿಯಾದ ಬಳಿ ಇರುವ ಏಕಾ ಅರೀನಾ ಫುಟ್‌ಬಾಲ್ ಆಡಿಸುವ ಕ್ರೀಡಾಂಗಣ. ಗೋಲುಕಂಬ ತೆಗೆದು ರಗ್ಬಿ ಕಂಬ ನೆಟ್ಟು ಗೆರೆ ಎಳೆದರೆ ಮುಗಿಯಿತು. ಅಷ್ಟೇಕೆ, 2022ರಲ್ಲಿ ಗುಜರಾತ್ ನಡೆಸಿದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಗ್ಬಿ ಸೆವೆನ್ಸ್ ಅಹಮದಾಬಾದಿನಲ್ಲೇ ನಡೆದಿದೆ. ಹೆಂಗಸರ ಚಿನ್ನ ಒಡಿಶಾದ ಪಾಲಾಯಿತು. ನಮ್ಮದೇ ರಾಷ್ಟ್ರೀಯ ಕೂಟವನ್ನು ಆ ಊರಿನಲ್ಲಿ ಆಡಿಸಿದ ಆಟಕ್ಕೆ ಅದೇ ಊರಿನಲ್ಲಿ ವ್ಯವಸ್ಥೆಯಿಲ್ಲ ಎನ್ನುವುದು ಯಾರಿಗೂ ಶೋಭಿಸದು. ಸೆಖೆಯ ಮಾತು ಬಂದರೆ ಬೆಳಿಗ್ಗೆ ಮತ್ತು ಹೊನಲು ಬೆಳಕಿನಲ್ಲಿ ಆಡಿಸಿ, ಮಧ್ಯಾಹ್ನ ಬಿಡಿ. ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಎರಡೂ ವಿಭಾಗ ಮೂರೇ ದಿನಕ್ಕೆ ಮುಗಿದಿತ್ತು. ಆಮೇಲೆ ಅದೇ ಕ್ರೀಡಾಂಗಣವನ್ನು ಇನ್ನೊಂದು ಆಟಕ್ಕೆ ಬಳಸಬಹುದು.

ಗಾಯದ ವಿಷಯ ಮುಚ್ಚಿಡುವುದಿಲ್ಲ. ಇದು ಮೈಗೆ ಮೈ ತಾಗುವ ಆಟ, ತಲೆಗೆ ಪೆಟ್ಟಾಗುವ ಭಯ ನಿಜವಾದದ್ದು. ಅದಕ್ಕಾಗಿಯೇ ಭುಜದ ಗೆರೆಗಿಂತ ಮೇಲೆ ಟ್ಯಾಕಲ್ ಮಾಡುವಂತಿಲ್ಲ, ತಲೆಗೆ ಪೆಟ್ಟು ಬಿದ್ದವರನ್ನು ಹೊರಗೆ ಕರೆಸಿ ವೈದ್ಯರು ಪರೀಕ್ಷಿಸುತ್ತಾರೆ. ಬಾಕ್ಸಿಂಗ್ ಖಚಿತವಾಗಿರುವ ಪಟ್ಟಿಯಲ್ಲಿ ಈ ಕಾರಣಕ್ಕೆ ರಗ್ಬಿಯನ್ನು ತಡೆಯಲು ಬರುವುದಿಲ್ಲ.

ಈಗ ನನ್ನ ಕೋರಿಕೆಗಳು. ಮೊದಲನೆಯದು ಹೇಳಿಯಾಗಿದೆ: ಕಾಮನ್‌ವೆಲ್ತ್ ಸ್ಪೋರ್ಟ್ ಜೊತೆ ಕೂತು ಪಟ್ಟಿ ಅಂತಿಮಗೊಳಿಸುವಾಗ ರಗ್ಬಿ ಸೆವೆನ್ಸ್ ಪರವಾಗಿ ಭಾರತ ತಾನಾಗಿ ಮಾತಾಡಲಿ, ಗಂಡಸರಿಗೂ ಹೆಂಗಸರಿಗೂ ಸಮಾನ ತಂಡಗಳಿರಲಿ. ಮಾತಾಡುವ ಮುಂಚೆ ಫಿಜಿ, ಸಮೋವಾ, ಟೊಂಗಾ, ಕೀನ್ಯಾ, ಉಗಾಂಡಾದ ಕ್ರೀಡಾ ಸಂಸ್ಥೆಗಳಿಗೆ ಒಂದು ಪತ್ರ ಬರೆದು, ‘ನಿಮಗೆ ಯಾವ ಆಟ ಇರಬೇಕು?’ ಎಂದು ಕೇಳಿ. ನಮ್ಮನ್ನು ಆರಿಸಿದ ಮಹಾಸಭೆಯ ಸದಸ್ಯರಲ್ಲಿ ಅವರೂ ಸೇರಿದ್ದಾರೆ.

ಎರಡನೆಯದು, ಸೇರಿಸುವುದಾದರೆ ಬೇಗ ಹೇಳಿ. ಆತಿಥೇಯರ ಜಾಗ ಸುಮ್ಮನೆ ಸಿಗುತ್ತದೆ ಎಂದು ಕೊನೆಯ ವರ್ಷದಲ್ಲಿ ಶಿಬಿರ ಹಾಕಿ ತಂಡ ಕಟ್ಟಿದರೆ ಆಗುವುದೇನೆಂದು ದೊಡ್ಡ ತಂಡಗಳೆದುರು ಆಡಿದವರನ್ನು ಕೇಳಿ. ಸೆವೆನ್ಸ್ ಆಟಗಾರ್ತಿಗೆ ಬೇಕಾದ ವೇಗ, ಟ್ಯಾಕಲ್ ಮಾಡುವ ಧೈರ್ಯ, ದಣಿದ ಮೈಯಲ್ಲಿ ಸರಿಯಾದ ಪಾಸ್ ಕೊಡುವ ಬುದ್ಧಿ ಬರಲು ವರ್ಷಗಳೇ ಬೇಕು. ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್‌ನಿಂದ ಮಕ್ಕಳನ್ನು ಆರಿಸಿ ತರಬಹುದು. ರೇಡರನ ಕಾಲು ಹಿಡಿದು ಅಭ್ಯಾಸವಿರುವ ಹುಡುಗಿ ರಗ್ಬಿಯ ಟ್ಯಾಕಲ್ ಕಲಿಯುವುದು ಬೇಗ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರನ್ನು ಹುಡುಕಲು ರಾಜ್ಯಗಳಿಗೆ, ಕರ್ನಾಟಕಕ್ಕೂ, ಈಗಲೇ ಸೂಚನೆ ಹೋಗಲಿ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಹುಲ್ಲಿನ ಮೈದಾನದಲ್ಲಿ ವಾರಕ್ಕೆ ಕೆಲವು ಗಂಟೆಯಾದರೂ ರಗ್ಬಿಗೆಂದು ಬರೆದು ಕೊಡಿಸಿ. ದುಡ್ಡು ಕೇಳುತ್ತಿಲ್ಲ, ಹೊತ್ತು ಕೇಳುತ್ತಿದ್ದೇನೆ.

ಮೂರನೆಯದು ದೆಹಲಿಯ ಮೈದಾನದ ಬಗ್ಗೆ. ಆ ಕೂಟಕ್ಕೆ ಕಟ್ಟಿದ ರಗ್ಬಿ ಕ್ರೀಡಾಂಗಣದಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಎಷ್ಟು ರಗ್ಬಿ ಪಂದ್ಯ ನಡೆದಿವೆ, ಎಷ್ಟು ಮಕ್ಕಳು ಅಲ್ಲಿ ಅಭ್ಯಾಸ ಮಾಡಿದ್ದಾರೆ ಎಂಬ ಲೆಕ್ಕ ಎಲ್ಲಾದರೂ ಇರಲೇಬೇಕು. ಅದನ್ನು ತರಿಸಿ ಸಾರ್ವಜನಿಕರ ಮುಂದಿಡಿ. ಅಹಮದಾಬಾದಿನಲ್ಲಿ ಕಟ್ಟುವ ಪ್ರತಿಯೊಂದಕ್ಕೂ ‘ಕೂಟ ಮುಗಿದ ಮಾರನೇ ದಿನ ಇಲ್ಲಿ ಯಾರು ಆಡುತ್ತಾರೆ?’ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.

ಇಷ್ಟೆಲ್ಲ ಕೇಳಿಯೂ ರಗ್ಬಿ ಸೆವೆನ್ಸ್ ಬೇಡ ಎಂಬ ತೀರ್ಮಾನಕ್ಕೆ ಬಂದರೆ, ಅದು ನಿಮ್ಮ ಅಧಿಕಾರ. ಆಗ ಕಾರಣವನ್ನಾದರೂ ಪಟ್ಟಿಯ ಜೊತೆಗೇ ಪ್ರಕಟಿಸಿ: ಪ್ರತಿ ಕ್ರೀಡೆಗೆ ಎಷ್ಟು ಆಟಗಾರರು, ಎಷ್ಟು ವೆಚ್ಚ, ಎಷ್ಟು ದೇಶಗಳು ಕೇಳಿದವು, ಯಾವುದನ್ನು ಯಾಕೆ ಬಿಟ್ಟಿರಿ ಎಂಬುದನ್ನು ಸಾಲು ಸಾಲಾಗಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಇದೆ. 2036ರ ಒಲಿಂಪಿಕ್ಸ್ ಬೇಕೆಂದು ನಾವೂ ಅರ್ಜಿ ಹಾಕಿದ್ದೇವೆ. ಆ ಅರ್ಜಿಯನ್ನು ಓದುವವರು ನಿಮ್ಮ ಈ ಪಟ್ಟಿಯನ್ನೂ ಓದುತ್ತಾರೆ.

ನಿಮ್ಮ ಉತ್ತರವನ್ನು ನಮ್ಮ ಹುಡುಗಿಯರಿಗೂ ಅವರ ಮನೆಯವರಿಗೂ ಓದಿ ಹೇಳಲು ಸಿದ್ಧನಿದ್ದೇನೆ, ಅದು ಏನೇ ಆಗಿರಲಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ
ಡಿಸೆಂಬರ್ 2025